ತಾರ್ತುವಿನಲ್ಲಿ ನನ್ನ ಅಧ್ಯಕ್ಷತೆ

ವಿಜಯನಗರ

ಎಸ್ಟೋನಿಯಾಕ್ಕೆ ಹೋಗಿ ಬಂದೆ ಎಂದಾಗ ನಮ್ಮ ಬೀದಿಯಲ್ಲಿ ಇಬ್ಬರು "ಅದೆಲ್ಲಿ?" ಎಂದರು. ಒಬ್ಬರು "ಚಾಕೊಲೇಟ್ ತಂದ್ರಾ?" ಎಂದರು. ಅಲ್ಲಿ ಏನಾಯಿತು ಎಂದು ಯಾರೂ ಕೇಳಲಿಲ್ಲ. ಕೇಳದಿದ್ದದ್ದು ಒಳ್ಳೆಯದೇ ಆಯಿತು, ಆಗ ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಈಗಲೂ ಯಾರಾದರೂ ಮೈಕಿನ ಮುಂದೆ ನಿಂತು "ಎರಡೇ ಎರಡು ಮಾತು" ಎಂದರೆ ನನ್ನ ಅಂಗೈ ಬೆವರುತ್ತದೆ. ಆದ್ದರಿಂದ ನಿಧಾನವಾಗಿ, ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ಕಂಡದ್ದನ್ನು ಕಂಡೆ ಎನ್ನುತ್ತೇನೆ. ಊಹಿಸಿದ್ದನ್ನು ಊಹೆ ಎನ್ನುತ್ತೇನೆ.

ರಾಜಾಜಿನಗರದ ಒಂದು ಕಾಲೇಜಿನಲ್ಲಿ ನಾನು ಇತಿಹಾಸ ಪಾಠ ಮಾಡುತ್ತೇನೆ. ಪಾಠವೊಂದನ್ನೇ ಮಾಡಿದ್ದರೆ ಬದುಕು ಸರಳವಾಗಿರುತ್ತಿತ್ತು. ಮೊದಲು ಕೆಲಸಕ್ಕೆ ಸೇರಿದ್ದು ಒಂದು ಸಂಜೆ ಕಾಲೇಜಿಗೆ. ಅಲ್ಲಿ ಕಾರ್ಖಾನೆಯ ಶಿಫ್ಟು ಮುಗಿಸಿ ಬಂದ ಹುಡುಗರು ಮೌರ್ಯರ ಕಾಲದಲ್ಲಿ ನಿದ್ದೆ ಹೋಗಿ ಹೊಯ್ಸಳರ ಕಾಲದಲ್ಲಿ ಏಳುತ್ತಿದ್ದರು. ಆಮೇಲೆ ಪರೀಕ್ಷೆಯ ಗೈಡು ಬರೆದೆ. ಅದರ ಮೇಲೆ ನನ್ನ ಹೆಸರಿರಲಿಲ್ಲ, 'ಅನುಭವಿ ಉಪನ್ಯಾಸಕರಿಂದ' ಎಂದಷ್ಟೇ ಇತ್ತು. ನಾನು ಬರೆದದ್ದರಲ್ಲಿ ಅತಿ ಹೆಚ್ಚು ಜನ ಓದಿದ್ದು ಅದನ್ನೇ. ರೇಡಿಯೋದಲ್ಲಿ ಬೆಳಗಿನ ಚಿಂತನ ಓದಿದೆ. ಒಂದು ವಾರಪತ್ರಿಕೆಗೆ ಅದು ಮುಚ್ಚುವವರೆಗೂ ಅಂಕಣ ಬರೆದೆ. ಮುಖವನ್ನೇ ನೋಡದ ಗಣ್ಯರ ಅಭಿನಂದನ ಗ್ರಂಥಗಳಿಗೆ 'ನಾ ಕಂಡಂತೆ' ಎಂಬ ಲೇಖನ ಬರೆದೆ. "ನಾನು ಇತಿಹಾಸದವಳು ಕಣ್ರೀ" ಎಂದರೂ ಬಿಡದೆ, ಗೃಹಪ್ರವೇಶದ ಆಮಂತ್ರಣಕ್ಕೆ ನಾಲ್ಕು ಸಾಲು ಪದ್ಯ ಬರೆಸಿಕೊಂಡವರಿದ್ದಾರೆ.

ಇದರ ಜೊತೆಗೆ ವೇದಿಕೆ. ನಮ್ಮ ಕಡೆ ರಾಜ್ಯೋತ್ಸವದ ತಿಂಗಳು ಬಂತೆಂದರೆ ಬೀದಿಗೊಂದು ಸಮಾರಂಭ. ನಾನು ಸ್ವಾಗತ ಮಾಡಿದ್ದೇನೆ, ನಿರೂಪಣೆ ಮಾಡಿದ್ದೇನೆ, ಪ್ರಾರ್ಥನೆಯವರು ಬಾರದಿದ್ದಾಗ ಪ್ರಾರ್ಥನೆಯನ್ನೂ ಹಾಡಿದ್ದೇನೆ. ವಂದನಾರ್ಪಣೆಯಂತೂ ನನ್ನ ಹೆಸರಿಗೇ ಬರೆದಿಟ್ಟ ಹಾಗೆ. ಆದರೆ ಮಧ್ಯದ ಕುರ್ಚಿಯಲ್ಲಿ ಒಮ್ಮೆಯೂ ಕೂತವಳಲ್ಲ. ಶಾಮಿಯಾನದವರು ತರುವ, ಕೆಂಪು ವೆಲ್ವೆಟ್ಟಿನ, ಸಿಂಹದ ಮುಖದ ಕೈಗಳಿರುವ ಕುರ್ಚಿ ಅದು. ಅದರಲ್ಲಿ ಕೂತವರು ಅಧ್ಯಕ್ಷರು. ಉಳಿದವರು ಮಾತಾಡುವಷ್ಟು ಹೊತ್ತೂ ಅವರು ತುಟಿ ಬಿಚ್ಚುವುದಿಲ್ಲ, ಯಾರನ್ನೂ ನಿಲ್ಲಿಸುವುದಿಲ್ಲ. ತಲೆದೂಗುತ್ತಾರೆ, ನಡುನಡುವೆ ಕಣ್ಣು ಮುಚ್ಚುತ್ತಾರೆ. ಎಲ್ಲರದೂ ಮುಗಿದ ಮೇಲೆ, ಸಭಿಕರ ಮನಸ್ಸು ಉಪ್ಪಿಟ್ಟಿನ ಕಡೆ ತಿರುಗಿದ ಮೇಲೆ, ಎದ್ದು ನಿಂತು ಎಲ್ಲರ ಭಾಷಣವನ್ನೂ ಮತ್ತೊಮ್ಮೆ ಹೇಳಿ, ತೂಗಿ, ಹರಸುತ್ತಾರೆ. ಅಧ್ಯಕ್ಷ ಭಾಷಣವಿಲ್ಲದೆ ಮುಗಿದ ಸಭೆಯನ್ನು ನಾನು ಈ ತನಕ ಕಂಡಿರಲಿಲ್ಲ.

ಲಗ್ಗೆರೆ

ಇಷ್ಟೆಲ್ಲದರ ನಡುವೆ ನಾನೇ ಹುಡುಕಿ, ನಾನೇ ಯೋಚಿಸಿ ಬರೆದದ್ದು ಒಂದೇ ಒಂದು ಪ್ರಬಂಧ. ಅದು ಲಗ್ಗೆರೆಯ ಒಂದು ವೀರಗಲ್ಲಿನ ಬಗ್ಗೆ.

ಹಿಟ್ಟಿನ ಗಿರಣಿಯ ಪಕ್ಕದಲ್ಲಿ, ಟ್ರಾನ್ಸ್‌ಫಾರ್ಮರಿನ ಕೆಳಗೆ ಆ ಕಲ್ಲಿದೆ. ಕತ್ತಿ ಹಿಡಿದ ಒಬ್ಬ ವೀರ, ಕಾಲಬಳಿ ಸವೆದುಹೋದ ಹಸುಗಳು. ಅಕ್ಷರ ಒಂದೂ ಇಲ್ಲ. ಅವನ ವಂಶದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಅದೇ ಬೀದಿಯಲ್ಲಿ ಜಯಮ್ಮ ಇದ್ದಾರೆ. ಗಾರ್ಮೆಂಟ್ಸ್ ಕೆಲಸಕ್ಕೆಂದು ಬಂದು ಇಲ್ಲೇ ನೆಲೆಸಿದವರು. ಊರಿನಲ್ಲಿ ರಸ್ತೆ ಅಗಲ ಮಾಡುವಾಗ ಅವರ ತಾತನ ಸಮಾಧಿ ಹೋಯಿತು. ಅಂದಿನಿಂದ ಮಹಾಲಯ ಅಮಾವಾಸ್ಯೆಗೆ ಅವರು ಈ ವೀರಗಲ್ಲಿಗೆ ಎಡೆ ಇಡುತ್ತಾರೆ. ಬಾಳೆಯೆಲೆ ಹಾಸಿ ಅನ್ನ, ವಡೆ, ಪಾಯಸ ಬಡಿಸಿ, ಪಕ್ಕದಲ್ಲಿ ಒಂದು ಕಟ್ಟು ಬೀಡಿ ಇಡುತ್ತಾರೆ. ಅವರನ್ನು ನೋಡಿ ಬೀದಿಯ ಇನ್ನೂ ಕೆಲವು ಮನೆಯವರು ಶುರು ಮಾಡಿದ್ದಾರೆ.

"ಇವ್ರು ನಿಮ್ಮ ತಾತ ಅಲ್ಲವಲ್ಲ ಜಯಮ್ಮ?" ಎಂದು ಕೇಳಿದ್ದೆ.

"ನಮ್ಮ ತಾತಂಗೆ ಕಲ್ಲಿಲ್ಲ, ಈ ಕಲ್ಲಿಗೆ ಮೊಮ್ಮಕ್ಕಳಿಲ್ಲ. ಆಗೋಯ್ತಲ್ಲ ಮೇಡಂ" ಎಂದರು ಜಯಮ್ಮ.

ನನ್ನ ಪ್ರಬಂಧದ ವಾದವೂ ಇಷ್ಟೇ. ನೆಲ ಬಿಟ್ಟು ಬಂದವರು ಹೊಸ ನೆಲದಲ್ಲಿ ಅನಾಥವಾಗಿ ನಿಂತ ಕಲ್ಲನ್ನು ತಮ್ಮ ಹಿರಿಯನಾಗಿ ಮಾಡಿಕೊಳ್ಳುತ್ತಾರೆ, ಇದೂ ಆ ಕಲ್ಲಿನ ಇತಿಹಾಸವೇ. ಇದನ್ನು ಇಲ್ಲಿನ ಒಂದು ವಿಚಾರ ಸಂಕಿರಣದಲ್ಲಿ ಓದಿದಾಗ ಒಬ್ಬ ಹಿರಿಯರು "ಶಾಸನ ಇದೆಯೇನಮ್ಮಾ?" ಎಂದರು. ಇಲ್ಲ ಎಂದೆ. "ಹಾಗಾದ್ರೆ ವೀರನಿಗೆ ಬೀಡಿ ಕೊಟ್ಟು ಕಳಿಸಿದ್ದೀಯ" ಎಂದರು. ಸಭೆ ಬಹಳ ಹೊತ್ತು ನಕ್ಕಿತು. ಅದಾದ ಮೇಲೆ ವಂದನಾರ್ಪಣೆಯೂ ನನ್ನದೇ ಇತ್ತು. ಅವರ ಹೆಸರು ಹೇಳಿ ವಂದಿಸಿದೆ.

ಸಮಾಧಿಗಳ ಸುತ್ತಲಿನ ಆಚರಣೆಗಳ ಬಗ್ಗೆ ಪುಸ್ತಕ ಬರೆದ ಹೆಲ್ವಿ ಎಂಬ ಪ್ರಾಧ್ಯಾಪಕಿಯೊಬ್ಬರು ಎಸ್ಟೋನಿಯಾದ ತಾರ್ತು ಎಂಬ ಊರಿನಲ್ಲಿದ್ದಾರೆ. ಅವರ ಪುಸ್ತಕ ಓದಿದ್ದೆ. ಧೈರ್ಯ ಮಾಡಿ ಪ್ರಬಂಧದ ಸಾರಾಂಶವನ್ನು ಅವರಿಗೆ ಮಿಂಚಂಚೆಯಲ್ಲಿ ಕಳಿಸಿದೆ. ಬಂದ ಉತ್ತರ ಒಂದೇ ಪದ: "ಬನ್ನಿ." ಆಮೇಲೆ ಅಲ್ಲಿನ ಸಮ್ಮೇಳನದ ವ್ಯವಸ್ಥೆ ನೋಡುವ ಕಾರೆಲ್ ಎಂಬವರು ಬರೆದರು. ಮೂರನೇ ಗೋಷ್ಠಿಯಲ್ಲಿ ನನ್ನದು ಕೊನೆಯ ಪ್ರಬಂಧ, ಆ ಗೋಷ್ಠಿಯ ಅಧ್ಯಕ್ಷತೆಯನ್ನೂ ನಾನೇ ವಹಿಸಿಕೊಳ್ಳಬಹುದೇ ಎಂದು ಕೇಳಿದ್ದರು.

ನಮ್ಮ ಮನೆಯವರಿಗೆ ಓದಿ ಹೇಳಿದೆ.

"ಅಧ್ಯಕ್ಷತೆ? ಮಧ್ಯದ ಕುರ್ಚಿನಾ?" ಎಂದರು.

"ಹೂಂ ರೀ."

"ನೋಡ್ದ್ಯಾ ಸುಲೋಚನಾ, ಅದಕ್ಕೆ ವಿಮಾನ ಹತ್ತಬೇಕಾಯ್ತು ಕಣೇ."

ಹೊರಡುವ ಹಿಂದಿನ ದಿನ ಜಯಮ್ಮನಿಗೆ ಹೇಳಲು ಹೋದೆ. "ನಮ್ಮ ತಾತನ್ ವಿಷ್ಯ ಪೂರ್ತಿ ಹೇಳ್ಬಿಟ್ಟೇ ಬನ್ನಿ ಮೇಡಂ. ಅರ್ಧ ಹೇಳಿ ಬರ್ಬೇಡಿ" ಎಂದರು. ಖಂಡಿತ ಎಂದು ಮಾತು ಕೊಟ್ಟೆ.

ಬಸ್ಸು

ರಾಜಧಾನಿ ತಾಲಿನ್ನಿನಿಂದ ತಾರ್ತುವಿಗೆ ಬಸ್ಸಿನಲ್ಲಿ ಹೋಗಬೇಕು. ಬಸ್ಸು ತುಂಬಿತ್ತು, ಆದರೆ ಒಳಗೆ ಯಾರೂ ಇಲ್ಲದ ಹಾಗಿತ್ತು. ಒಬ್ಬರೂ ಮಾತಾಡಲಿಲ್ಲ. ಕೆಂಗೇರಿ ಬಸ್ಸಿನಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಪಕ್ಕದವರ ಮಗಳ ಮದುವೆ ನಿಂತುಹೋದ ಕಾರಣ ನನಗೆ ತಿಳಿದಿರುತ್ತಿತ್ತು. ನಾನು ಮನೆಗೆ ಫೋನು ಮಾಡಿ, ತಲುಪಿದೆ, ಚಳಿ ಅಷ್ಟಿಲ್ಲ, ಫ್ರಿಜ್ಜಿನಲ್ಲಿ ಹುಳಿ ಇದೆ, ಬಿಸಿ ಮಾಡಿಕೊಳ್ಳಿ ಎಂದೆ. ಇಡೀ ಬಸ್ಸು ನಮ್ಮ ಹುಳಿಯ ವಿಚಾರವನ್ನು ತಲೆ ತಗ್ಗಿಸಿ ಕೇಳಿಸಿಕೊಂಡಿತು. ಅರ್ಥವಾಗಲಿಲ್ಲ ಎಂಬುದು ನನ್ನ ಊಹೆ.

ಕೈಚೀಲದಲ್ಲಿ ಕೋಡುಬಳೆ ಇತ್ತು. ಪಕ್ಕದಲ್ಲಿದ್ದ ಎತ್ತರದ ಗಂಡಸಿಗೆ ಒಂದನ್ನು ಕೊಟ್ಟೆ. ಅವರು ಅದನ್ನು ತಿರುಗಿಸಿ ನೋಡಿ, ಬೆರಳಿಗೆ ಹಾಕಿ ನೋಡಿ, ಕೊನೆಗೆ ತಿಂದರು. ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ಕಿಟಕಿಯಾಚೆ ಕಾಡು ಕಳೆಯಿತು, ಹೊಲ ಬಂತು, ಹೊಲದಲ್ಲಿ ಕೊಕ್ಕರೆಗಳು ಬಂದು ಹೋದವು, ಮತ್ತೆ ಕಾಡು ಬಂತು. ಆಮೇಲೆ ಅವರು ಚೀಲದಿಂದ ಒಂದು ದೊನ್ನೆಯಂಥದ್ದರಲ್ಲಿ ಸ್ಟ್ರಾಬೆರಿ ತೆಗೆದು ನನ್ನ ಮುಂದಿಟ್ಟು, ಮತ್ತೆ ಕಿಟಕಿಯ ಕಡೆ ತಿರುಗಿದರು. ಇಳಿಯುವವರೆಗೂ ನಮ್ಮ ನಡುವೆ ಒಂದು ಮಾತೂ ಆಗಲಿಲ್ಲ. ಆದರೂ ಇಳಿಯುವಾಗ ಪರಿಚಿತರನ್ನು ಬೀಳ್ಕೊಟ್ಟ ಹಾಗೇ ಆಯಿತು.

ನನ್ನ ಪೆಟ್ಟಿಗೆಯಲ್ಲಿ ಹೆಲ್ವಿಯವರಿಗೆಂದು ತೆಗೆದುಕೊಂಡಿದ್ದ ಗಂಧದ ಹಾರವಿತ್ತು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹುಡುಗಿ ಅದನ್ನು ಎತ್ತಿ ಹಿಡಿದು "ಫೋಟೋಗಾ ಆಂಟಿ?" ಎಂದು ಮೆಲ್ಲಗೆ ಕೇಳಿದ್ದಳು. "ಅಲ್ಲಮ್ಮ, ಬದುಕಿರೋರಿಗೆ" ಎಂದಿದ್ದೆ.

ಮೂರನೇ ಗೋಷ್ಠಿ

ಸಭಾಂಗಣ ಚಿಕ್ಕದು, ಚೊಕ್ಕಟ. ಅಧ್ಯಕ್ಷರ ಕುರ್ಚಿಯೂ ಉಳಿದವರ ಕುರ್ಚಿಯ ಹಾಗೇ ಬೋಳು ಮರದ್ದು. ಸ್ವಲ್ಪ ಬೇಸರವಾಯಿತು, ಆದರೂ ಮಧ್ಯದಲ್ಲಿತ್ತು. ಮೈಸೂರು ಸಿಲ್ಕ್ ಉಟ್ಟಿದ್ದೆ. ಕಾರೆಲ್ ಬಂದು "ಇನ್ನು ಎಲ್ಲಾ ನಿಮ್ಮ ಕೈಯಲ್ಲಿ" ಎಂದು ಹೇಳಿ ಹಿಂದಿನ ಸಾಲಿಗೆ ಹೋದರು. ಮುಂದಿನ ಸಾಲಿನಲ್ಲಿ ಹೆಲ್ವಿ ಕೂತಿದ್ದರು. ಬಿಳಿ ಕೂದಲು, ನೇರ ಬೆನ್ನು, ಮಡಿಲಲ್ಲಿ ಕೈ.

ಮೇಜಿನ ಮೇಲೆ ನೀರಿನ ಬಾಟಲಿಯ ಪಕ್ಕ ಮೂರು ರಟ್ಟಿನ ಕಾರ್ಡುಗಳಿದ್ದವು. ಐದು, ಒಂದು, ಸೊನ್ನೆ ಎಂದು ಅವುಗಳ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು. ಹಿಂದಿನ ಗೋಷ್ಠಿಯವರು ಬಿಟ್ಟು ಹೋಗಿರಬೇಕೆಂದುಕೊಂಡು ಜೋಪಾನವಾಗಿ ಜೋಡಿಸಿ, ಅದರ ಮೇಲೆ ಬಾಟಲಿ ಇಟ್ಟೆ.

ಮೊದಲ ಭಾಷಣಕಾರರು ಸಮುದ್ರದಲ್ಲಿ ಸತ್ತವರ ಶಿಲುಬೆಗಳ ಬಗ್ಗೆ ಹೇಳಿದರು. ಬಹಳ ಚೆನ್ನಾಗಿತ್ತು. ಒಂದು ಹಂತದಲ್ಲಿ ಅವರು ನನ್ನ ಮುಖ ನೋಡಿದರು. ನಾನು ಅಧ್ಯಕ್ಷರು ಮಾಡುವಂತೆ ತಲೆದೂಗಿದೆ. ಅವರು ಸ್ವಲ್ಪ ಮುಂದುವರಿಸಿ ಮತ್ತೆ ನೋಡಿದರು. ನಾನು ನಕ್ಕೆ. ಅವರ ಮುಖದಲ್ಲಿ ಗಾಬರಿ ಕಂಡಿತು, ಇದು ಊಹೆಯಲ್ಲ, ಕಂಡದ್ದು. ಮುಗಿದುಹೋಗಿದ್ದ ಚಿತ್ರಗಳನ್ನು ಹಿಂದಿನಿಂದ ಮತ್ತೆ ತೋರಿಸತೊಡಗಿದರು. ನನ್ನ ಅಪ್ಪಣೆಯಿಲ್ಲದೆ ನಿಲ್ಲಿಸಬಾರದೆಂದು ಅವರು ಕಾಯುತ್ತಿದ್ದರು. ಅವರು ತಾವಾಗಿ ನಿಲ್ಲಿಸಲೆಂದು ನಾನು ಕಾಯುತ್ತಿದ್ದೆ. ಕೊನೆಗೆ ಅವರ ಗಂಟಲು ಕಟ್ಟಿ ಭಾಷಣ ನಿಂತಿತು.

ಎರಡನೆಯವರೂ ಹಾಗೇ. ಮೂರನೆಯವರು ಒಬ್ಬ ತರುಣಿ, ಬಹಳ ಶಿಸ್ತಿನವರು. ಪ್ರಬಂಧದ ಹಾಳೆಗಳು ಮುಗಿದ ಮೇಲೆ ನನ್ನ ಕಡೆ ನೋಡಿದರು. ನಾನು ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದೆ. ಅವರು ಆಧಾರ ಗ್ರಂಥಗಳ ಪಟ್ಟಿಯನ್ನು ಓದಲು ಶುರು ಮಾಡಿದರು. ಪ್ರಕಾಶಕರ ಹೆಸರು ಸಮೇತ. ಎಂಥ ಆಳವಾದ ಅಧ್ಯಯನ ಎಂದುಕೊಂಡೆ. ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ, ಎದ್ದು ಹೋಗಲಿಲ್ಲ. ನಮ್ಮಲ್ಲಿ ಇಷ್ಟು ಹೊತ್ತಿಗೆ ಹಿಂದಿನಿಂದ ಒಂದು ಚಪ್ಪಾಳೆಯಾದರೂ ಬಂದು ಭಾಷಣಕಾರರಿಗೆ ವಿಷಯ ತಿಳಿಯುತ್ತಿತ್ತು.

ಪಟ್ಟಿ ಮುಗಿಯಿತು. ಈಗ ನನ್ನ ಪ್ರಬಂಧ. ಆದರೆ ಪ್ರಬಂಧಕ್ಕೆ ಮೊದಲು ಅಧ್ಯಕ್ಷೆಯಾಗಿ ಎರಡು ಮಾತು ಆಡಬೇಕಲ್ಲ, ಇಲ್ಲದಿದ್ದರೆ ಆ ಮೂವರಿಗೆ ಅವಮಾನ ಮಾಡಿದ ಹಾಗೆ. ಎದ್ದು ನಿಂತೆ. ಸಭೆಯಲ್ಲಿದ್ದವರನ್ನೆಲ್ಲ ಸಾಲು ಸಾಲಾಗಿ ವಂದಿಸಿದೆ. ಮೊದಲನೆಯವರ ಸಮುದ್ರವನ್ನು ಸಂಗ್ರಹಿಸಿ ಹೇಳಿದೆ. ಎರಡನೆಯವರಿಗೆ ಇನ್ನಷ್ಟು ಆಳಕ್ಕೆ ಹೋಗಬಹುದಿತ್ತು ಎಂದು ಪ್ರೀತಿಯಿಂದ ತಿಳಿಸಿದೆ. ಮೂರನೆಯ ತರುಣಿಗೆ ಉಜ್ವಲ ಭವಿಷ್ಯ ಹಾರೈಸಿದೆ. ಸಂಶೋಧನೆ ಎಂದರೇನು ಎಂಬ ಬಗ್ಗೆಯೂ ಕೆಲವು ಮಾತು ಬಂದವು, ಅವು ಎಲ್ಲಿಂದ ಬಂದವೋ ನನಗೇ ಗೊತ್ತಿಲ್ಲ. ಇಷ್ಟು ವರ್ಷ ಮಧ್ಯದ ಕುರ್ಚಿಯವರಿಂದ ಕೇಳಿದ್ದೆಲ್ಲ ಒಳಗೆ ಕೂತಿತ್ತು, ಸಾಲುಗಟ್ಟಿ ಹೊರಗೆ ಬಂತು. ಕೊನೆಗೆ ಕೆಳಗಿಳಿದು ಹೆಲ್ವಿಯವರ ಕೊರಳಿಗೆ ಗಂಧದ ಹಾರ ಹಾಕಿ ಕೈಮುಗಿದೆ. ಅವರು ಎದ್ದು ನಿಂತು ಹಾಕಿಸಿಕೊಂಡು, ಮತ್ತೆ ಕೂತರು.

"ಈಗ ನನ್ನ ಪ್ರಬಂಧ" ಎಂದೆ.

ಕಾರೆಲ್ ಹತ್ತಿರ ಬಂದರು. ಮುಖ ಕೆಂಪಾಗಿತ್ತು. ಬಾಗಿಲ ಹೊರಗೆ ಮುಂದಿನ ಗೋಷ್ಠಿಯವರು ಸದ್ದಿಲ್ಲದೆ ನಿಂತಿರುವುದು ಆಗ ಕಂಡಿತು. ಬಹಳ ಹೊತ್ತಿನಿಂದಲೇ ನಿಂತಿದ್ದರಂತೆ.

"ಕ್ಷಮಿಸಿ," ಎಂದರು ಕಾರೆಲ್. "ಸಮಯ ಮುಗಿದಿದೆ. ಸೂಪು ಕೂಡ ಆರುತ್ತಿದೆ."

"ನನ್ನ ಪ್ರಬಂಧ?"

ಅವರು ಬಾಟಲಿಯ ಅಡಿಯಲ್ಲಿದ್ದ ಕಾರ್ಡುಗಳನ್ನು ನೋಡಿದರು. "ಇನ್ನೆಷ್ಟು ನಿಮಿಷ ಉಳಿದಿದೆ ಎಂದು ಅವನ್ನು ಎತ್ತಿ ತೋರಿಸಬೇಕಿತ್ತು" ಎಂದರು, ತಪ್ಪು ತಮ್ಮದೇ ಎಂಬ ಹಾಗೆ. "ಇಲ್ಲಿ ಅಧ್ಯಕ್ಷರ ಕೆಲಸ ಅದೊಂದೇ."

ಊಟದ ಮನೆ

ಸೂಪು ಬೀಟ್‌ರೂಟಿನದು, ತಣ್ಣಗಿತ್ತು. ಅದನ್ನು ತಣ್ಣಗೇ ಕುಡಿಯುವುದೋ, ನಾನು ತಣ್ಣಗೆ ಮಾಡಿದ್ದೋ ಕೇಳುವ ಧೈರ್ಯವಾಗಲಿಲ್ಲ. ಮಾಂಸ ಇದೆಯೇ ಎಂಬುದನ್ನೂ ಕೇಳದೆ ಪಕ್ಕಕ್ಕೆ ಸರಿಸಿದೆ. ಕಪ್ಪು ಬ್ರೆಡ್ಡಿನ ಜೊತೆ ಒಂದು ಲೋಟದಲ್ಲಿ ಕೆಫಿರ್ ಕೊಟ್ಟರು. ಕುಡಿದು ನೋಡಿದರೆ ನಮ್ಮ ಗಟ್ಟಿ ಮಜ್ಜಿಗೆಯೇ. ಅಷ್ಟು ದೂರ ಬಂದು, ಅಷ್ಟು ದೊಡ್ಡ ಅನಾಹುತ ಮಾಡಿದ ಮೇಲೆ, ಮಜ್ಜಿಗೆಯ ಹುಳಿ ನಾಲಿಗೆಗೆ ತಾಗಿದಾಗ ಕಣ್ಣಲ್ಲಿ ನೀರು ಬಂತು.

ಮೂವರು ಭಾಷಣಕಾರರೂ ಒಬ್ಬೊಬ್ಬರಾಗಿ ಬಂದು ಕೈ ಕುಲುಕಿದರು. ಗಂಟಲು ಕಟ್ಟಿದವರು ಪಿಸುದನಿಯಲ್ಲಿ "ಇಷ್ಟು ಗಮನವಿಟ್ಟು ನನ್ನನ್ನು ಯಾರೂ ಕೇಳಿರಲಿಲ್ಲ" ಎಂದರು. ಹಂಗಿಸಿದರೋ ನಿಜ ಹೇಳಿದರೋ, ಆ ಮುಖದಿಂದ ಏನೂ ತಿಳಿಯಲಿಲ್ಲ.

ನನ್ನ ಮನಸ್ಸೆಲ್ಲ ಲಗ್ಗೆರೆಯಲ್ಲಿತ್ತು. ಅರ್ಧ ಹೇಳಿ ಬರಬೇಡಿ ಎಂದಿದ್ದರು ಜಯಮ್ಮ. ನಾನು ಅವರ ತಾತನ ಹೆಸರನ್ನೇ ಎತ್ತಿರಲಿಲ್ಲ. ಮರುದಿನ ಬೆಳಿಗ್ಗೆ ವಾಪಸು ಹೊರಡಬೇಕಿತ್ತು. ಚೀಲದಲ್ಲಿ ಪ್ರಬಂಧದ ಹಾಳೆಗಳು ಮಡಿಕೆ ಮುರಿಯದೆ ಕೂತಿದ್ದವು.

ಹೆಲ್ವಿ ತಟ್ಟೆ ಹಿಡಿದು ಬಂದು ಎದುರಿಗೆ ಕೂತರು. ಗಂಧದ ಹಾರ ಇನ್ನೂ ಕೊರಳಲ್ಲಿತ್ತು. ಊಟ ಮುಗಿಸಿದರು. ಬಾಯಿ ಒರೆಸಿಕೊಂಡು ಕೇಳಿದರು:

"ನಡೆಯಲು ಆಗುತ್ತಾ?"

"ಆಗುತ್ತೆ."

"ಹಾಳೆ ತಗೊಳ್ಳಿ."

ಸ್ಮಶಾನ

ಊರಾಚೆಯ ಸ್ಮಶಾನಕ್ಕೆ ಕರೆದುಕೊಂಡು ಹೋದರು. ಗೇಟಿನ ಬಳಿ ನನ್ನ ಕಾಲು ತಡೆಯಿತು. ನಮ್ಮಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ. ಹೋದರೂ ಬಂದ ಕೂಡಲೇ ತಲೆಗೆ ಸ್ನಾನ. ವಸತಿಗೃಹದ ಬಿಸಿನೀರು ಎಷ್ಟು ಹೊತ್ತಿನವರೆಗೆ ಬರುತ್ತದೆಂದು ಯೋಚಿಸುತ್ತಲೇ ಒಳಗೆ ಕಾಲಿಟ್ಟೆ.

ಒಳಗೆ ಪೈನ್ ಮರಗಳ ನೆರಳು. ಪ್ರತಿ ಸಮಾಧಿಯ ಸುತ್ತಲೂ ಮರಳು ಹಾಸಿ, ಅದರ ಮೇಲೆ ಕುಂಟೆಯಂಥ ಹಲ್ಲಿನ ಕೋಲಿನಿಂದ ಸಾಲು ಸಾಲು ಗೆರೆ ಎಳೆದಿದ್ದರು. ಅಡ್ಡ ಗೆರೆ, ಬಾಗಿದ ಗೆರೆ, ಕೆಲವು ಕಡೆ ಬಳ್ಳಿಯಂತೆ ಸುತ್ತಿದ ಗೆರೆ. ನಮ್ಮ ಬೀದಿಯ ಬೆಳಗಿನ ರಂಗೋಲಿಯೇ ನೆನಪಾಯಿತು. ಹಾಗೆಂದು ಹೇಳಿದೆ. ಹೆಲ್ವಿ "ಹೂಂ" ಎಂದರು. ಗೆರೆಯ ಮೇಲೆ ಹೆಜ್ಜೆ ಬಿದ್ದಿದ್ದರೆ ಯಾರೋ ಬಂದು ಹೋದರೆಂದು ಅರ್ಥವಂತೆ. ಗೆರೆಯೇ ಇಲ್ಲದಿದ್ದರೆ ಬರುವವರು ಯಾರೂ ಇಲ್ಲವೆಂದು ಅರ್ಥವಂತೆ.

ಒಂದು ಸಣ್ಣ ಬೂದು ಕಲ್ಲಿನ ಹತ್ತಿರ ನಿಂತರು. ಕಲ್ಲಿನ ಹಿಂದಿನಿಂದ ಕುಂಟೆ ತೆಗೆದರು. ನನ್ನನ್ನು ಬೆಂಚಿನ ಮೇಲೆ ಕೂರಿಸಿದರು.

"ಓದಿ" ಎಂದರು.

"ಎಷ್ಟು ಹೊತ್ತು ಓದಲಿ?"

"ಕಾರ್ಡು ನಾನು ತಂದಿಲ್ಲ."

ಓದಿದೆ. ವಂದನೆಗಳಿಲ್ಲದೆ ನೇರವಾಗಿ ಓದಿದ್ದು ಅದೇ ಮೊದಲು. ಟ್ರಾನ್ಸ್‌ಫಾರ್ಮರಿನ ಕೆಳಗಿನ ವೀರ, ರಸ್ತೆಗೆ ಹೋದ ಸಮಾಧಿ, ಬಾಳೆಯೆಲೆ, ವಡೆ, ಬೀಡಿ. ಹೆಲ್ವಿ ನನ್ನ ಕಡೆ ನೋಡದೆ ಮರಳು ಗೀರುತ್ತಲೇ ಇದ್ದರು. ಬೀಡಿಯ ಮಾತು ಬಂದಾಗ ಮಾತ್ರ ಕೈ ನಿಂತಿತು. ನಗಲಿಲ್ಲ. ಮತ್ತೆ ಗೀರಿದರು. ಓದಿ ಮುಗಿಸಿದೆ.

ಅವರು ಮಾತಾಡಲೇ ಇಲ್ಲ. ನಮ್ಮ ಕಡೆಯ ಮೌನವಾಗಿದ್ದರೆ ಅದಕ್ಕೆ ಒಂದು ಅರ್ಥ ಹಚ್ಚುತ್ತಿದ್ದೆ. ಈ ಮೌನದ ಅರ್ಥ ತಿಳಿಯದೆ ನಾನೇ ಕೇಳಿದೆ: "ಇದು ನಿಮ್ಮ ಮನೆಯವರ ಸಮಾಧಿಯೇ?"

"ಅಲ್ಲ," ಎಂದರು. "ಇವರು ಯಾರೋ ನನಗೆ ಗೊತ್ತಿಲ್ಲ."

ಆಮೇಲೆ ಹೇಳಿದರು, ಒಂದೊಂದೇ ವಾಕ್ಯ. ಅವರ ತಾಯಿ ಚಿಕ್ಕವರಿದ್ದಾಗ ತಾತನನ್ನು ಆಗ ಆಳುತ್ತಿದ್ದವರು ಸೈಬೀರಿಯಾಕ್ಕೆ ಹಿಡಿದುಕೊಂಡು ಹೋದರು. ಎಲ್ಲಿ ಸತ್ತರು, ಎಲ್ಲಿ ಮಣ್ಣು ಮಾಡಿದರು, ಗೊತ್ತಿಲ್ಲ. ಈ ಕಲ್ಲಿನವರ ಮನೆಯವರು ಯುದ್ಧದಲ್ಲಿ ದೋಣಿ ಹತ್ತಿ ಸಮುದ್ರ ದಾಟಿ ಹೋದವರು ತಿರುಗಿ ಬರಲಿಲ್ಲವಂತೆ, ಅಷ್ಟೇ ಗೊತ್ತು. ಮರಳಿನ ಮೇಲೆ ಗೆರೆಯಿಲ್ಲದ್ದನ್ನು ನೋಡಿ ತಾಯಿ ಗೀರತೊಡಗಿದರು. ತಾಯಿಯ ನಂತರ ಹೆಲ್ವಿ.

"ನಿಮ್ಮ ಪುಸ್ತಕದಲ್ಲಿ ಇದು ಇಲ್ಲ" ಎಂದೆ. ನಾನು ಅದನ್ನು ಪೂರ್ತಿ ಓದಿದ್ದೆ.

"ಇಲ್ಲ. ಒಂದೇ ಉದಾಹರಣೆ. ಅದೂ ನಮ್ಮದೇ ಮನೆಯದು. ಒಂದರಿಂದ ವಾದ ಕಟ್ಟಲು ಆಗುವುದಿಲ್ಲ." ಕುಂಟೆಯನ್ನು ಕಲ್ಲಿಗೆ ಒರಗಿಸಿದರು. "ಈಗ ಎರಡಾಯಿತು."

ಕೊರಳಿನಿಂದ ಗಂಧದ ಹಾರ ತೆಗೆದು ಕಲ್ಲಿಗೆ ಹಾಕಿದರು. ಚೂಪು ತಲೆಯ ಕಲ್ಲಾದ್ದರಿಂದ ಹಾರ ಜಾರದೆ ನಿಂತಿತು. ನನ್ನ ಬಾಯಿಗೆ ಬಹಳ ಮಾತು ಬಂದಿತ್ತು, ಅಧ್ಯಕ್ಷ ಭಾಷಣಕ್ಕೆ ಸಾಲುವಷ್ಟು. ಒಂದನ್ನೂ ಆಡಲಿಲ್ಲ. ಹೆಲ್ವಿ ಕುಂಟೆಯನ್ನು ನನ್ನ ಕೈಗೆ ಕೊಟ್ಟು, ಹಿಂದಕ್ಕೆ ಹೆಜ್ಜೆ ಇಡುತ್ತಾ ನಮ್ಮ ಹೆಜ್ಜೆ ಗುರುತುಗಳ ಮೇಲೆ ಗೀರಿಕೊಂಡು ಬರುವಂತೆ ಸನ್ನೆ ಮಾಡಿದರು. ಹಾಗೇ ಬಂದೆ. ಕೊನೆಯ ಗೆರೆ ಸೊಟ್ಟವಾಯಿತು. ಅವರು ಅದನ್ನು ನೋಡಿದರು, ತಿದ್ದಲಿಲ್ಲ.

ಅಂದು ಸಂಜೆ ಮನೆಗೆ ಫೋನು ಮಾಡಿದೆ.

"ಓದಿದ್ಯಾ?"

"ಪೂರ್ತಿ ಓದಿದೆ ರೀ."

"ಎಷ್ಟು ಜನ ಇದ್ರು?"

"ಒಬ್ರು."

"ಒಬ್ರೇ? ನಿದ್ದೆಗಿದ್ದೆ ಹೋಗ್ಲಿಲ್ಲ ತಾನೆ?"

"ಇಲ್ಲ. ಮರಳು ಗೀರ್ತಾ ಇದ್ರು."

"ನೀನು ಊಟ ಮಾಡ್ತಾ ಇದೀಯ ತಾನೆ ಸರಿಯಾಗಿ?" ಎಂದರು.

ಮತ್ತೆ ಲಗ್ಗೆರೆ

ಬಂದ ವಾರವೇ ಹೋದೆ. ಟ್ರಾನ್ಸ್‌ಫಾರ್ಮರ್ ಗುಂಯ್ ಎನ್ನುತ್ತಿತ್ತು, ಗಿರಣಿಯ ಹಿಟ್ಟು ವೀರನ ಹೆಗಲ ಮೇಲೆ ಕೂತಿತ್ತು. ಜಯಮ್ಮ ಸೆರಗಿನಿಂದ ಅದನ್ನು ಒರೆಸುತ್ತಲೇ ಕೇಳಿದರು:

"ಪೂರ್ತಿ ಹೇಳಿದ್ರಾ ಮೇಡಂ?"

"ಪೂರ್ತಿ ಹೇಳ್ದೆ ಜಯಮ್ಮ."

"ಏನಂದ್ರು? ನಕ್ರಾ?"

"ನಗಲಿಲ್ಲ. ಅಲ್ಲೂ ನಿಮ್ಮ ಥರಾನೇ ಒಬ್ರು ಇದಾರೆ. ಅವ್ರ ತಾತ ಎಲ್ಲಿ ಮಣ್ಣಾದ್ರೋ ಗೊತ್ತಿಲ್ಲ. ಯಾರದೋ ಸಮಾಧಿ ನೋಡ್ಕೊಳ್ತಾರೆ."

ಜಯಮ್ಮನ ಕೈ ನಿಂತಿತು. "ಅವರೂ ಬೇರೆಯವ್ರ ತಾತನ್ನ ಇಟ್ಕೊಂಡವ್ರಾ?"

"ಹೂಂ."

"ಬೀಡಿ ಇಡ್ತಾರಾ?"

"ಇಲ್ಲ. ಮರಳು ಹಾಕಿ, ಮೇಲೆ ಗೆರೆ ಎಳೀತಾರೆ. ಅಷ್ಟೇ."

ಜಯಮ್ಮ ವೀರನ ಮುಖವನ್ನು ಇನ್ನೊಮ್ಮೆ ಒರೆಸಿದರು.

"ಪಾಪ," ಎಂದರು. "ಆ ತಾತ ಸೇದ್ತಿರ್ಲಿಲ್ವೇನೋ."